ವೀರಗಲ್ಲಿನಿಂದ ಚಿತ್ರಪಟಕ್ಕೆ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಅಗಲಿದವರ ಸ್ಮರಣೆ

ಒಂದು ನಾಡಿನ ಜನರು ಯಾರ ಮರಣಕ್ಕಾಗಿ ಅತ್ತರು, ಯಾರನ್ನು ಎಷ್ಟು ಕಾಲ ನೆನೆದರು ಎಂಬುದು ಆ ನಾಡಿನ ಚರಿತ್ರೆಗೆ ಹೊರತಾದ ವಿಷಯವಲ್ಲ. ಅರಸರ ವಂಶಾವಳಿಯನ್ನೂ ಯುದ್ಧಗಳ ತೇದಿಯನ್ನೂ ನಿರ್ಣಯಿಸುವುದರಲ್ಲಿ ನಾವು ತೋರಿಸಿರುವ ಶ್ರದ್ಧೆಯನ್ನು ಸಾಮಾನ್ಯ ಜನರ ಶೋಕವನ್ನು ಅರಿಯುವುದರಲ್ಲಿ ತೋರಿಸಿಲ್ಲ. ಪ್ರಕೃತ ಲೇಖನದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ಸೀಮೆಯನ್ನು ಆಧಾರವಾಗಿಟ್ಟುಕೊಂಡು, ಹತ್ತನೆಯ ಶತಮಾನದ ಕಲ್ಲಿನಿಂದ ಇಂದಿನ ಆಟೋ ನಿಲ್ದಾಣದ ಚಿತ್ರಪಟದವರೆಗೆ ಸ್ಮರಣೆಯು ಸಾಗಿಬಂದ ಬಗೆಯನ್ನು ಸಂಕ್ಷೇಪವಾಗಿ ವಿಚಾರ ಮಾಡಲು ಉದ್ದೇಶಿಸಿದ್ದೇವೆ.

ಈ ವಿಚಾರಕ್ಕೆ ನಮ್ಮನ್ನು ಎಳೆದದ್ದು ಒಂದು ಸಣ್ಣ ಪ್ರಸಂಗ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಕಡೂರಿನ ಸಮೀಪದ ಒಂದು ಹಳ್ಳಿಗೆ ವೀರಗಲ್ಲೊಂದನ್ನು ನೋಡಲು ಹೋಗಿದ್ದೆವು. ಕಲ್ಲು ಹೊಲದ ಬದುವಿನಲ್ಲಿ ಅರ್ಧ ಹೂತುಹೋಗಿತ್ತು; ಅಕ್ಷರಗಳು ಮಳೆಗಾಳಿಗೆ ಸವೆದುಹೋಗಿದ್ದವು. ನಮ್ಮನ್ನು ಕರೆದೊಯ್ದ ಆಟೋ ಚಾಲಕನು ಕುತೂಹಲದಿಂದ ಹತ್ತಿರ ಬಂದು, "ಇದು ಯಾರ ಕಲ್ಲು, ಮೇಷ್ಟ್ರೇ?" ಎಂದು ಕೇಳಿದನು. ಹೆಸರು ಉಳಿದಿಲ್ಲವೆಂದೆವು. "ಹೆಸರೇ ಇಲ್ದಿದ್ ಮೇಲೆ ಕಲ್ಲು ನಿಲ್ಸಿ ಏನ್ ಬಂತು?" ಎಂದು ಅವನು ನಕ್ಕನು. ಅವನ ಆಟೋವಿನ ಮುಂಗಾಜಿನ ಮೇಲೆ ಶಂಕರ್‌ನಾಗ್ ಅವರ ಚಿತ್ರವಿತ್ತು. ಅದಕ್ಕೆ ಅಂದಿನ ಬೆಳಗಿನ ಹೂವು ಮುಡಿಸಿತ್ತು. ಆ ಚಾಲಕನು ಶಂಕರ್‌ನಾಗ್ ತೀರಿಕೊಂಡ ಮೇಲೆ ಹುಟ್ಟಿದವನು. ಅವನ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ.

ಮೊದಲು ಹಳೆಯ ಸಾಮಗ್ರಿಯನ್ನು ನೋಡೋಣ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಆರನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು 1901ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಕಡೂರಿನ ಕ್ರಿ.ಶ. 971ರ ಶಾಸನವು ಗಂಗರ ಇಮ್ಮಡಿ ಬೂತುಗನ ಅಕ್ಕ ಪಾಂಬಬ್ಬೆಯನ್ನು ಸ್ಮರಿಸುತ್ತದೆ. ರಾಜಮನೆತನದಲ್ಲಿ ಹುಟ್ಟಿದ ಆಕೆ ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷಗಳ ಕಾಲ ಜೈನ ತಪಸ್ಸನ್ನು ಆಚರಿಸಿ ದೇಹವನ್ನು ತ್ಯಜಿಸಿದಳು. ಇಲ್ಲಿ ಸ್ಮರಣೆಗೆ ಕಾರಣ ರಣರಂಗದ ಸಾವಲ್ಲ, ಬದುಕಿದ ಬಗೆ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು; ಮುಂದೆ ಇದರಿಂದ ಪ್ರಯೋಜನವುಂಟು.

ಇದೇ ಬೂತುಗನ ಕಾಲದ ಇನ್ನೊಂದು ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು, ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿತು; ಎರಡೂ ಸತ್ತವು. ಮಣಲೇರನು ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆಯನ್ನೂ ಬರೆಯಿಸಿದನು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಕಲ್ಲು ತಾನಾಗಿಯೇ ಸ್ಮರಣೆಯನ್ನು ಕಾಯಲಾರದೆಂಬುದನ್ನು ಅದನ್ನು ನಿಲ್ಲಿಸಿದವರೇ ಬಲ್ಲವರಾಗಿದ್ದರು. ಆದುದರಿಂದಲೇ ಕಲ್ಲಿನ ಜೊತೆಗೆ ದತ್ತಿಯೂ ದಿನದಿನದ ಪೂಜೆಯೂ ಬೇಕಾಯಿತು.

ತರೀಕೆರೆಯ ಸಮೀಪದ ಅಮೃತಾಪುರದ ಅಮೃತೇಶ್ವರ ದೇವಾಲಯವು 1196ರದು. ಅದನ್ನು ಕಟ್ಟಿಸಿದವನು ಇಮ್ಮಡಿ ಬಲ್ಲಾಳನ ದಂಡನಾಯಕ. ಅಲ್ಲಿಯ ಶಾಸನವನ್ನು ರಚಿಸಿದವನು ಕವಿ ಜನ್ನ. ದಂಡನಾಯಕನ ಹೆಸರು ಉಳಿದುಬಂದದ್ದು ಪೂಜೆ ನಡೆಯುವ ಗುಡಿ ಮತ್ತು ಓದಲು ತಕ್ಕ ಕಾವ್ಯ ಎರಡೂ ಇದ್ದುದರಿಂದ. ಆದರೆ ಇದೇ ತರೀಕೆರೆಯ ಪಾಳೆಯಗಾರ ಸರ್ಜಾ ಹನುಮಪ್ಪನಾಯಕನ ಸ್ಮರಣೆ ಇನ್ನೊಂದು ಬಗೆಯದು. 1830-31ರ ನಗರದ ದಂಗೆಯಲ್ಲಿ ಪಾಲ್ಗೊಂಡ ಅವನನ್ನು 1834ರಲ್ಲಿ ಹಿಡಿದು ಗಲ್ಲಿಗೇರಿಸಲಾಯಿತು. ಅಧಿಕಾರದಲ್ಲಿದ್ದವರು ಅವನಿಗೆ ದತ್ತಿ ಬಿಡುವುದು ಸಂಭವವಿರಲಿಲ್ಲ. ಅವನ ಹೆಸರು ಉಳಿದದ್ದು ಜನರ ಬಾಯಲ್ಲಿ. ಹೀಗೆ ಕಲ್ಲು, ಗುಡಿ, ಮಾತು ಎಂಬ ಮೂರು ಆಶ್ರಯಗಳು ಈ ಸೀಮೆಯಲ್ಲಿ ಮೊದಲಿನಿಂದಲೂ ಕಂಡುಬರುತ್ತವೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಶಂಕರ್‌ನಾಗ್ ಅವರು 1954ರ ನವೆಂಬರ್ 9ರಂದು ಜನಿಸಿದರು. ಉತ್ತರ ಕನ್ನಡದ ಹೊನ್ನಾವರ ಸೀಮೆಯವರು. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಮಧ್ಯಯುಗದ ಯೋಧನ ಪಾತ್ರದಿಂದ ಪ್ರಸಿದ್ಧಿಗೆ ಬಂದರು. 1980ರ 'ಆಟೋ ರಾಜ' ಅವರನ್ನು ಬೀದಿಬೀದಿಗೂ ಒಯ್ದಿತು. 1981ರಲ್ಲಿ ಅವರೇ ನಿರ್ದೇಶಿಸಿ ನಾಯಕರಾಗಿ ನಟಿಸಿದ 'ಗೀತಾ' ಚಿತ್ರದ ಹಾಡುಗಳು ಇಂದಿಗೂ ಮದುವೆಮನೆಗಳಲ್ಲಿಯೂ ಕಾಲೇಜಿನ ವಾರ್ಷಿಕೋತ್ಸವಗಳಲ್ಲಿಯೂ ಕೇಳಿಬರುತ್ತವೆ. ಆ ಹಾಡುಗಳಿಗೆ ಸಂಗೀತ ಇಳಯರಾಜ ಅವರದು. ನಾಯಕನ ಕಂಠ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರದು. ಮುಖ ಒಬ್ಬರದು, ದನಿ ಮತ್ತೊಬ್ಬರದು. ಅಭಿಮಾನಿಯ ನೆನಪಿನಲ್ಲಿ ಎರಡೂ ಬೆಸೆದು ಒಂದೇ ಆಗಿವೆ. 2020ರ ಸೆಪ್ಟೆಂಬರ್ 25ರಂದು ಬಾಲಸುಬ್ರಹ್ಮಣ್ಯಂ ತೀರಿಕೊಂಡಾಗ ಹಲವರು ಶಂಕರ್‌ನಾಗ್ ಅವರನ್ನು ಎರಡನೆಯ ಸಲ ಕಳೆದುಕೊಂಡಂತೆ ದುಃಖಿಸಿದ್ದನ್ನು ನಾವು ಬಲ್ಲೆವು.

ಶಂಕರ್‌ನಾಗ್ ಅವರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಿಂದ ಮೃತರಾದರು. ಆಗ ಅವರಿಗೆ 35 ವರ್ಷ. ಈ ಸೀಮೆಯವರಿಗೆ ಆ ಸ್ಥಳವೂ ಆ ದಾರಿಗಳೂ ಅಪರಿಚಿತವಲ್ಲ. ಬೆಂಗಳೂರಿನಿಂದ ಬರುವ ರೈಲುಮಾರ್ಗವು ಕಡೂರನ್ನು ದಾಟಿ ಬೀರೂರಿನಲ್ಲಿ ಕವಲೊಡೆಯುತ್ತದೆ: ಒಂದು ಕವಲು ಅಜ್ಜಂಪುರದ ಮೇಲೆ ದಾವಣಗೆರೆಯ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ. ಶಿವಮೊಗ್ಗದಿಂದ ಮುಂದೆ, 'ಮಾಲ್ಗುಡಿ ಡೇಸ್' ಚಿತ್ರೀಕರಣ ನಡೆದ ಅರಸಾಳು ನಿಲ್ದಾಣದಲ್ಲಿ ಈಗ ಅದರ ನೆನಪಿನ ವಸ್ತುಸಂಗ್ರಹಾಲಯವಿದೆ. ಕಡೂರು, ತರೀಕೆರೆಗಳ ನಡುವೆ ಹಾದುಹೋಗುವ ಹೆದ್ದಾರಿಯು ಕೊನೆಗೆ ಮುಟ್ಟುವುದು ಹೊನ್ನಾವರವನ್ನು. ಹುಟ್ಟಿದ ಸೀಮೆ, ದುಡಿದ ಸ್ಥಳ, ಮಡಿದ ಸ್ಥಳ ಮೂರಕ್ಕೂ ಈ ಊರುಗಳು ದಾರಿಯಾಗಿವೆ.

ಕರ್ನಾಟಕದ ಎಷ್ಟೋ ಆಟೋ ನಿಲ್ದಾಣಗಳಲ್ಲಿ ಅವರ ಹೆಸರೂ ಚಿತ್ರವೂ ಇವೆ. ಅವರ ಹುಟ್ಟಿದ ದಿನದಂದು ಚಿತ್ರಕ್ಕೆ ಹಾರ ಹಾಕಿ ಸಿಹಿ ಹಂಚುತ್ತಾರೆ. ಇದಕ್ಕೆ ಅರಸನ ದತ್ತಿಯಿಲ್ಲ, ಸರ್ಕಾರದ ಆಜ್ಞೆಯಿಲ್ಲ. ಚಾಲಕರು ತಮ್ಮತಮ್ಮಲ್ಲಿಯೇ ಕೂಡಿಸಿದ ಅಲ್ಪ ಹಣವೇ ಆಧಾರ. ಅವರು ನೆನೆಯುವುದು ತಮ್ಮ ಖಾಕಿಯನ್ನು ತೊಟ್ಟು ತಮ್ಮ ಕಸುಬಿಗೆ ಮರ್ಯಾದೆ ತಂದವನನ್ನು. ಆ ನಟನ ಗೌರವದಲ್ಲಿ ಅವರ ಆತ್ಮಗೌರವವೂ ಸೇರಿದೆ.

ವೀರಗಲ್ಲಿನೊಡನೆ ಇದನ್ನು ಹೋಲಿಸುವುದು ಯುಕ್ತವೇ ಎಂದು ಕೆಲವರು ಆಕ್ಷೇಪಿಸಬಹುದು. ತುರುಗಾಳಗದಲ್ಲಿ ಊರಿಗಾಗಿ ಮಡಿದವನೆಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡ ನಟನೆಲ್ಲಿ? ಆಕ್ಷೇಪಣೆ ನಿರಾಧಾರವಲ್ಲ. ವೀರಗಲ್ಲು ಸಾವಿನ ಬಗೆಯನ್ನು ಕೊಂಡಾಡುತ್ತದೆ. ಆಟೋ ನಿಲ್ದಾಣದ ಚಿತ್ರವಾದರೋ ಬದುಕಿನ ಬಗೆಯನ್ನು. ಆದುದರಿಂದ ಈ ಚಿತ್ರಕ್ಕೆ ಸಮೀಪವಾದ ಪೂರ್ವೋದಾಹರಣೆಯನ್ನು ವೀರಗಲ್ಲಿಗಿಂತ ಹೆಚ್ಚಾಗಿ ಪಾಂಬಬ್ಬೆಯ ಶಾಸನದಲ್ಲಿ ಅರಸಬೇಕು. ತಪಸ್ವಿನಿಗೂ ನಟನಿಗೂ ಸಾಮ್ಯವಿದೆಯೆಂದು ನಾವು ಹೇಳುತ್ತಿಲ್ಲ. ಸ್ಮರಿಸಿದವರ ಮನೋಧರ್ಮದಲ್ಲಿ ಸಾಮ್ಯವಿದೆಯೆಂದಷ್ಟೇ ಹೇಳುತ್ತಿದ್ದೇವೆ.

ಈ ಮನೋಧರ್ಮವು ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ತನ್ನ 27ನೆಯ ವಯಸ್ಸಿನಲ್ಲಿ ತೀರಿಕೊಂಡನು. ಸಿಯಾಟಲ್ ಬಳಿಯ ರೆಂಟನ್ ಊರಿನಲ್ಲಿರುವ ಅವನ ಸಮಾಧಿಗೆ ಇಂದಿಗೂ ಅಭಿಮಾನಿಗಳು ಹೂವು ತರುತ್ತಾರೆ. ನಮ್ಮವರೇ ಆದ ಪಿಟೀಲು ವಿದ್ವಾಂಸ ಮೈಸೂರು ಟಿ. ಚೌಡಯ್ಯನವರು 1967ರಲ್ಲಿ ದಿವಂಗತರಾದರು; ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದ ಆ ಮಹನೀಯರ ನೆನಪಿಗಾಗಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಸಭಾಭವನವೊಂದು 1980ರಲ್ಲಿ ಸಿದ್ಧವಾಯಿತು. ಶಂಕರ್‌ನಾಗ್ ಅವರ ಪತ್ನಿ ಅರುಂಧತಿ ನಾಗ್ ಅವರ ಪ್ರಯತ್ನದಿಂದ 2004ರಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ 'ರಂಗಶಂಕರ' ರಂಗಮಂದಿರ ತೆರೆಯಿತು. ಈ ಎರಡೂ ಕಡೆ ಸ್ಮಾರಕವು ಸತ್ತವರ ಕಸುಬನ್ನೇ ಮುಂದುವರಿಸುತ್ತದೆ. ಅಲ್ಲಿ ನಡೆಯುವ ಪ್ರತಿಯೊಂದು ಕಚೇರಿಯೂ ನಾಟಕವೂ ಆತಕೂರಿನ ಗೊರವನ ಪೂಜೆಗೆ ಸಮಾನ.

ಅಭಿಮಾನವು ಅತಿರೇಕಕ್ಕೆ ಹೋದುದನ್ನೂ ಮುಚ್ಚಿಡಬಾರದು. ಹಳೇಬೀಡಿನ ಗರುಡಸ್ತಂಭವು ಒಡೆಯನೊಡನೆ ಪ್ರಾಣಬಿಟ್ಟ ಕುವರ ಲಕ್ಷ್ಮನನ್ನೂ ಅವನ ಪತ್ನಿಯನ್ನೂ ಸಂಗಡಿಗರನ್ನೂ ಕೊಂಡಾಡುತ್ತದೆ. ಇಂದಿನ ಓದುಗನ ಮನಸ್ಸು ಅದನ್ನು ಓದಿ ಹಿಗ್ಗುವುದಿಲ್ಲ. 2006ರ ಏಪ್ರಿಲ್ 12ರಂದು ಡಾ. ರಾಜಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ಗಲಭೆ ನಡೆದು ಪ್ರಾಣಹಾನಿಯಾಯಿತು. ಅದೇ ಸಂದರ್ಭದಲ್ಲಿ ಅವರ ಕಣ್ಣುಗಳ ದಾನವೂ ನಡೆಯಿತು. 2021ರ ಅಕ್ಟೋಬರ್ 29ರಂದು ಅವರ ಪುತ್ರ ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರೆಯಿತು. ಅದನ್ನು ಕಂಡು ಅಸಂಖ್ಯ ಅಭಿಮಾನಿಗಳು ನೇತ್ರದಾನಕ್ಕೆ ಹೆಸರು ಬರೆಯಿಸಿದರು. ಶೋಕವು ಹಾನಿಯ ದಾರಿಯನ್ನು ಬಿಟ್ಟು ದಾನದ ದಾರಿಯನ್ನು ಹಿಡಿಯಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಈಗ ಆ ಚಾಲಕನ ಪ್ರಶ್ನೆಗೆ ಮರಳೋಣ. ಹೆಸರಿಲ್ಲದ ಮೇಲೆ ಕಲ್ಲು ನಿಲ್ಲಿಸಿ ಏನು ಬಂತು? ನಮ್ಮ ಉತ್ತರವಿಷ್ಟು: ಕಲ್ಲಿನ ಹೆಸರು ಅಳಿಸಿದ್ದು ಮಳೆಯಿಂದ ಮಾತ್ರವಲ್ಲ, ಪೂಜಿಸುವವರೂ ಓದುವವರೂ ಇಲ್ಲದೆ ಹೋದುದರಿಂದ. ಅವನ ಗಾಜಿನ ಮೇಲಿನ ಚಿತ್ರವಾದರೋ ಕಲ್ಲಿಗಿಂತ ನೂರು ಪಾಲು ದುರ್ಬಲ. ಎರಡು ಬೇಸಗೆಯ ಬಿಸಿಲಿಗೆ ಬಣ್ಣ ಮಾಸುತ್ತದೆ. ಆದರೂ ಅದು ಉಳಿದಿದೆ, ಏಕೆಂದರೆ ಮಾಸಿದೊಡನೆ ಇನ್ನೊಂದನ್ನು ಅಂಟಿಸುವ ಕೈಯಿದೆ. ಆ ಕೈ ನಿಂತ ದಿನ, ಅದೂ ಹೊಲದ ಬದುವಿನ ಕಲ್ಲಿನಂತೆ ಅನಾಮಧೇಯವಾಗುವುದು.

ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಬಿನ್ನಹ. ವೀರಗಲ್ಲುಗಳ ಪಡಿಯಚ್ಚು ತೆಗೆಯುವಾಗ ದಾರಿಯಲ್ಲಿ ಸಿಕ್ಕುವ ಆಟೋ ನಿಲ್ದಾಣಗಳ ಫಲಕಗಳನ್ನೂ ಬರೆದುಕೊಳ್ಳಿರಿ. ಯಾರು ನಿಲ್ಲಿಸಿದರು, ಯಾವ ವರ್ಷ, ಏಕೆ ಎಂಬುದನ್ನು ಹಿರಿಯ ಚಾಲಕರನ್ನು ಕೇಳಿ ಗುರುತುಮಾಡಿರಿ. 1990ರ ಆ ದಿನದಂದು ಸುದ್ದಿ ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಲ್ಲನ್ನು ಕೆತ್ತಿದವರನ್ನು ಕೇಳುವ ಭಾಗ್ಯ ರೈಸ್ ಅವರಿಗೆ ಇರಲಿಲ್ಲ. ಆ ಭಾಗ್ಯ ನಮಗಿದೆ. ಆದರೆ ಬಹುಕಾಲ ಇರದು.