ವಾರ್ಡಿನಲ್ಲಿ ಗಂಡಸರು

ಮೊದಲ ವರ್ಷದ ಹುಡುಗರಿಗೆ ನರ್ಸಿಂಗ್ ಇತಿಹಾಸ ಹೇಳುವಾಗ ನಾನು ಫ್ಲಾರೆನ್ಸ್ ನೈಟಿಂಗೇಲರಿಂದ ಶುರು ಮಾಡುವುದಿಲ್ಲ. 1860ರಲ್ಲಿ ಲಂಡನ್ನಿನಲ್ಲಿ ಅವರು ತೆರೆದ ಶಾಲೆಯ ಹಿರಿಮೆ ದೊಡ್ಡದೇ. ಆದರೆ ‘ಬೇರೆ ಸೀಟು ಸಿಗಲಿಲ್ಲವೇನೋ?’ ಎಂದು ನೆಂಟರಿಂದ ಕೇಳಿಸಿಕೊಂಡು ಬಂದ ಹುಡುಗನಿಗೆ ಆ ಕತೆಯಲ್ಲಿ ತನ್ನವರು ಕಾಣುವುದಿಲ್ಲ.

ಹಾಗಾಗಿ ರೋಮಿನ ಕಮಿಲಸ್‌ನಿಂದ ಹೊರಡುತ್ತೇನೆ. ಸೈನಿಕನಾಗಿದ್ದವನು, ಜೂಜುಕೋರ. ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಿದ. ಅಲ್ಲಿನ ಆಳುಗಳು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು ತಾಳಲಾರದೆ 1582ರ ಹೊತ್ತಿಗೆ ಶುಶ್ರೂಷೆಗೆಂದೇ ಗಂಡಸರ ಗುಂಪು ಕಟ್ಟಿದ. ಅವರ ನಿಲುವಂಗಿಯ ಎದೆಯ ಮೇಲೆ ಕೆಂಪು ಶಿಲುಬೆ ಇರುತ್ತಿತ್ತು.

1888ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಗಂಡಸರಿಗೆಂದೇ ಮಿಲ್ಸ್ ಶಾಲೆ ತೆರೆಯಿತು. ಕಲಿತ ಗಂಡಸರು ಇದ್ದರೂ 1901ರಲ್ಲಿ ಹುಟ್ಟಿದ ಅಮೆರಿಕದ ಸೇನಾ ನರ್ಸ್ ದಳ ಹೆಂಗಸರಿಗಷ್ಟೇ ಮೀಸಲಾಯಿತು. 1955ರವರೆಗೂ ಹಾಗೇ ಇತ್ತು. ಬ್ರಿಟನ್ನಿನಲ್ಲಿ 1919ರ ಕಾಯ್ದೆ ಗಂಡು ನರ್ಸುಗಳ ಹೆಸರನ್ನು ಬೇರೆಯೇ ಪಟ್ಟಿಗೆ ಹಾಕಿತು. ಗಂಡಸರು ಈ ಕೆಲಸಕ್ಕೆ ಒಗ್ಗುವುದಿಲ್ಲ ಎನ್ನುವವರು ಈ ಇಸವಿಗಳನ್ನು ನೋಡಬೇಕು. ಒಗ್ಗದೆ ಬಿಟ್ಟುಹೋದವರಲ್ಲ ಇವರು, ನಿಯಮ ಬರೆದು ಹೊರಗಿಟ್ಟದ್ದು.

ಲೂಥರ್ ಕ್ರಿಸ್ಟ್‌ಮನ್ ಕತೆಗೆ ಹುಡುಗರು ನೆಟ್ಟಗೆ ಕೂರುತ್ತಾರೆ. ಫಿಲಡೆಲ್ಫಿಯಾದ ಗಂಡಸರ ನರ್ಸಿಂಗ್ ಶಾಲೆಯಲ್ಲಿ 1939ರಲ್ಲಿ ಕಲಿಕೆ ಮುಗಿಸಿದವರು. ಹೆರಿಗೆ ವಾರ್ಡಿನ ತರಬೇತಿ ಅವರಿಗೆ ಕೊಡಲಿಲ್ಲ. ಯುದ್ಧ ಬಂದಾಗ ನರ್ಸಾಗಿ ರಣರಂಗಕ್ಕೆ ಕಳಿಸಿ ಎಂದರೂ ಕಳಿಸಲಿಲ್ಲ. ಅದೇ ಮನುಷ್ಯ 1967ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ನರ್ಸಿಂಗ್ ಡೀನ್ ಆದರು. ಹೆರಿಗೆ ವಾರ್ಡಿನ ಹೊರಗೆ ನಾನೂ ನಿಂತವನು. ಗಂಡು ಡಾಕ್ಟರು ನನ್ನ ಪಕ್ಕದಿಂದಲೇ ಒಳಗೆ ಹೋಗುತ್ತಿದ್ದರು, ಅವರನ್ನು ಯಾರೂ ತಡೆಯುತ್ತಿರಲಿಲ್ಲ. ಇವತ್ತಿಗೂ ಅದು ನನಗೆ ನೋಯುತ್ತದೆ.

ನಮ್ಮ ದೇಶದ ಸೇನಾ ನರ್ಸಿಂಗ್ ಸೇವೆಗೂ ಹೆಂಗಸರನ್ನಷ್ಟೇ ಸೇರಿಸಿಕೊಳ್ಳುವ ನಿಯಮವಿತ್ತು, ಬ್ರಿಟಿಷರ ಕಾಲದ 1943ರ ಸುಗ್ರೀವಾಜ್ಞೆಯದು. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಲ್ಲಿ ಕರ್ನಾಟಕ ನರ್ಸಸ್ ಅಸೋಸಿಯೇಷನ್ ಇತ್ತು. 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು. ಇತ್ತ ಏಮ್ಸ್‌ನಲ್ಲಿ 2019ರ ತೀರ್ಮಾನದ ಪ್ರಕಾರ ನರ್ಸಿಂಗ್ ಆಫೀಸರ್ ಹುದ್ದೆಗಳಲ್ಲಿ ನೂರಕ್ಕೆ 80 ಹೆಂಗಸರಿಗೆ. ನನ್ನ ತರಗತಿಯ ಹುಡುಗರೂ ಹುಡುಗಿಯರೂ ಬರೆಯುವ ಪರೀಕ್ಷೆ ಒಂದೇ, ಸೇರುವ ರಿಜಿಸ್ಟರೂ ಒಂದೇ. ಆ ತೀರ್ಮಾನವನ್ನೂ ಮರಳಿ ನೋಡಬೇಕೆಂದು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.