ಚರ್ಮ, ಲೋಹ ಮತ್ತು ಹೆಸರಿಲ್ಲದ ಕುಶಲಕರ್ಮಿಗಳು

ಪುತ್ತೂರು, ಸುಳ್ಯ, ಕಡಬದ ಪೇಟೆಗಳಲ್ಲಿ ಹಳೆಯ ತಲೆಮಾರಿನ ಬ್ಯಾರಿ ಹಿರಿಯರು ಸೊಂಟಕ್ಕೆ ಕಟ್ಟುತ್ತಿದ್ದ ಅಗಲವಾದ ಬೆಲ್ಟ್ ಹಲವರಿಗೆ ನೆನಪಿರಬಹುದು. ವ್ಯಾಪಾರದ ಹಣವೂ ಅದರಲ್ಲೇ. ಅದರ ಬಕಲ್, ಗುಂಡಿಗಳು ಅಂದಕ್ಕೂ ಹೌದು, ಕೆಲಸಕ್ಕೂ ಹೌದು. ಚರ್ಮ ಹರಿಯದಂತೆ ಲೋಹವನ್ನು ಕೂರಿಸುವ ಈ ವಿದ್ಯೆಗೆ ದೀರ್ಘ ಇತಿಹಾಸವಿದೆ.

ಮೊಘಲರ ಕಾಲದಲ್ಲೂ 1857ರ ಸಂಗ್ರಾಮದಲ್ಲೂ ಭಾರತದ ಯೋಧರು ಹಿಡಿದಿದ್ದ ‘ಢಾಲ್’ ಎಂಬ ದುಂಡು ಗುರಾಣಿಯನ್ನೇ ನೋಡಿ. ಎಮ್ಮೆ ಅಥವಾ ಖಡ್ಗಮೃಗದ ದಪ್ಪ ಚರ್ಮದ ಮೇಲೆ ಸಾಮಾನ್ಯವಾಗಿ 4 ಉಬ್ಬಿದ ಲೋಹದ ಬಿಲ್ಲೆಗಳು. ನೋಡುವವರಿಗೆ ಅವು ಅಲಂಕಾರ. ಆದರೆ ಚರ್ಮವನ್ನು ದಾಟಿದ ಅವುಗಳ ಮೊಳೆಗಳು ಒಳಬದಿಯ ಬಳೆಗಳನ್ನು ಹಿಡಿದಿರುತ್ತವೆ. ಕೈಹಿಡಿಯ ಪಟ್ಟಿ ಆ ಬಳೆಗಳಿಗೇ. ಹಿಡಿಯನ್ನು ಎಳೆದಾಗ ಭಾರವೆಲ್ಲ ತೂತಿನ ಅಂಚಿಗೆ ಬೀಳದೆ ಬಿಲ್ಲೆಯ ಅಗಲಕ್ಕೆ ಹಂಚಿಹೋಗುತ್ತದೆ.

ಬೆಲ್ಟಿಗೂ ಇದೇ ನಿಯಮ. ಸೀಳಿನ ತುದಿಯಿಂದ ಚರ್ಮ ಹರಿಯುತ್ತದೆ, ದುಂಡು ತೂತು ತಾಳುತ್ತದೆ. ತೂತು ಅಂಚಿನಿಂದ ದೂರವಿರಬೇಕು, ಮೊಳೆಯ ಹಿಂಬದಿಗೆ ವಾಷರ್ ಬೇಕು. ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಒದ್ದೆ ಕಬ್ಬಿಣ ತಾಗಿದರೆ ಕಪ್ಪು ಕಲೆ, ಹಿತ್ತಾಳೆಯಾದರೆ ಹಸಿರು ಕಿಲುಬು. ನಮ್ಮ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆ. ಮನೆಯಲ್ಲಿ ಅಜ್ಜನ ಬೆಲ್ಟ್ ಉಳಿದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ. ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವಲ್ಲಿ ಇಡಿ.

ಯುದ್ಧ ಗೆದ್ದವರ ಹೆಸರು ಪಠ್ಯಪುಸ್ತಕದಲ್ಲಿದೆ. ಗುರಾಣಿ ಮಾಡಿದವರ ಹೆಸರು ಬಹುಪಾಲು ಎಲ್ಲಿಯೂ ಇಲ್ಲ. ಅವರ ಬುದ್ಧಿ ಮಾತ್ರ ಆ ತೂತುಗಳಲ್ಲಿ ಉಳಿದಿದೆ. ಪದವಿಯ ಹಾದಿಯಲ್ಲಿರುವ ನಮ್ಮ ವಿದ್ಯಾರ್ಥಿಗಳು ಕೈಕಸುಬನ್ನೂ ವಿದ್ಯೆಯೆಂದೇ ಗೌರವಿಸಲಿ.