ನಾಲ್ಕಕ್ಕೆ ನಾಲ್ಕು: ಪಿಐಡಿ 1ಕ್ಕಾಗಿ ನಡೆದ ಜಗಳ

ಹಿಂಜವಡಿಯಲ್ಲಿರಲಿ, ಗಚ್ಚಿಬೌಲಿಯಲ್ಲಿರಲಿ, ಸರ್ವರ್ ಕೆಲಸ ಮಾಡೋ ನಾವೆಲ್ಲ ದಿನಕ್ಕೆ ಹತ್ತು ಸಲ ‘ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್’ ಅಂತ ಹೊಡೀತೀವಿ. ಸರ್ವಿಸ್ ಎದ್ದರೆ ಸಾಕು, ಹಿಂದೆ ಏನಿದೆ ಅಂತ ಯಾರೂ ಕೇಳೋದಿಲ್ಲ. ಆದರೆ ಈ ಕಮಾಂಡ್ ಡೆಬಿಯನ್ ಲಿನಕ್ಸ್‌ನಲ್ಲಿ ನೆಲೆಯೂರುವ ಹೊತ್ತಿಗೆ, ವರ್ಷಗಟ್ಟಲೆ ಕೂಡಿ ಕೆಲಸ ಮಾಡಿದ ಜನ ಬೇರೆಯಾದರು. ಯಾವ ಸಾಫ್ಟ್‌ವೇರ್ ಗೆದ್ದಿತು ಅನ್ನೋದು ನಿಮಗೆ ಗೊತ್ತೇ ಇದೆ. ಜಗಳ ನಿಜವಾಗಿ ಯಾವುದರ ಬಗ್ಗೆ ಇತ್ತು ಅನ್ನೋದನ್ನ ಇವತ್ತು ನೋಡೋಣ.

ಮೊದಲು ಮೂಲ ವಿಷಯ. ಲಿನಕ್ಸ್ ಕರ್ನಲ್ ಎದ್ದ ಮೇಲೆ ಅದು ಶುರು ಮಾಡುವ ಮೊದಲ ಪ್ರೋಗ್ರಾಂ ಇನಿಟ್. ಅದರ ನಂಬರ್ ಪಿಐಡಿ 1. ನಾವು ನಡೆಸುವ ಸರ್ವಿಸ್‌ಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ಪೇರೆಂಟ್ ಸತ್ತುಹೋದ ಪ್ರೊಸೆಸ್‌ಗಳನ್ನ ನೋಡಿಕೊಳ್ಳೋದೂ ಸಾಮಾನ್ಯವಾಗಿ ಅದೇ. ಅದು ಸತ್ತರೆ ಕರ್ನಲ್ ಪ್ಯಾನಿಕ್, ಇಡೀ ಮಷೀನು ನಿಂತಹಾಗೆ.

ಡೆಬಿಯನ್ ಬಳಸುತ್ತಿದ್ದ ಇನಿಟ್‌ನ ವಿನ್ಯಾಸ 1983ರ ಎಟಿ ಅಂಡ್ ಟಿಯ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದದ್ದು. ಒಂದು ಡೈರೆಕ್ಟರಿಯಲ್ಲಿ ಶೆಲ್ ಸ್ಕ್ರಿಪ್ಟ್‌ಗಳು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಹೆಸರಿನ ಮುಂದೆ ನಂಬರು. ಓದೋಕೆ ಸುಲಭ, ಕೆಟ್ಟರೆ ಎಡಿಟರ್ ತೆಗೆದು ಸರಿ ಮಾಡಬಹುದು. ಆದರೆ ಸರ್ವಿಸ್ ಒಂದು ಸಲ ಫೋರ್ಕ್ ಆಗಿ ಹಿನ್ನೆಲೆಗೆ ಹೋಯಿತೆಂದರೆ ಇನಿಟ್‌ಗೆ ಅದರ ಮೇಲೆ ಹಿಡಿತ ಇರುತ್ತಿರಲಿಲ್ಲ. ಪಿಐಡಿ ಬರೆದಿಟ್ಟ ಫೈಲನ್ನೇ ನಂಬಬೇಕು. ಆ ಫೈಲ್ ಹಳೆಯದಾಗಿದ್ದರೆ ಬೇರೆ ಯಾವುದೋ ಪ್ರೊಸೆಸ್ ಸಾಯುತ್ತಿತ್ತು.

ಇದನ್ನ ಸರಿ ಮಾಡೋಕೆ ಎರಡು ದಾರಿ ಹುಟ್ಟಿಕೊಂಡವು. 2006ರಲ್ಲಿ ಕ್ಯಾನೋನಿಕಲ್ ಕಂಪನಿಯ ಸ್ಕಾಟ್ ಜೇಮ್ಸ್ ರೆಮ್ನಂಟ್ ಬರೆದ ಅಪ್‌ಸ್ಟಾರ್ಟ್ ಉಬುಂಟು 6.10ರಲ್ಲಿ ಬಂತು. ‘ಇಂಥ ಘಟನೆ ಆದರೆ ಇದನ್ನ ಶುರು ಮಾಡು’ ಅನ್ನೋದು ಅದರ ತರ್ಕ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಕೂಡ ಅದನ್ನೇ ಬಳಸಿತು. 2010ರ ಏಪ್ರಿಲ್‌ನಲ್ಲಿ ರೆಡ್‌ಹ್ಯಾಟ್‌ನ ಲೆನಾರ್ಟ್ ಪೊಟ್ಟರಿಂಗ್, ಕೇ ಸೀವರ್ಸ್ ಜೊತೆ ಸೇರಿ ರೂಪಿಸಿದ ಸಿಸ್ಟಮ್‌ಡಿಯನ್ನ ಜಗತ್ತಿನ ಮುಂದಿಟ್ಟರು. ಪ್ರತಿ ಸರ್ವಿಸನ್ನೂ ಕರ್ನಲ್‌ನ ಸಿಗ್ರೂಪ್ ಒಳಗೆ ಇಡೋದರಿಂದ ಎಷ್ಟು ಸಲ ಫೋರ್ಕ್ ಆದರೂ ಅದು ಕೈತಪ್ಪಿ ಹೋಗೋದಿಲ್ಲ. ಆ್ಯಪಲ್‌ನ ಲಾಂಚ್‌ಡಿಯಿಂದ ಕಲಿತ ಸಾಕೆಟ್ ಉಪಾಯವೂ ಅದರಲ್ಲಿತ್ತು: ಮೊದಲು ಸಾಕೆಟ್ ತೆರೆದಿಟ್ಟರೆ, ಕಾಯದೇ ಎಲ್ಲವನ್ನೂ ಒಟ್ಟಿಗೇ ಎಬ್ಬಿಸಬಹುದು. 2011ರಲ್ಲಿ ಫೆಡೋರಾ 15 ಅದನ್ನ ಡೀಫಾಲ್ಟ್ ಮಾಡಿತು.

ಇಲ್ಲಿಯವರೆಗೆ ಇದು ಇಂಜಿನಿಯರಿಂಗ್. ತೊಡಕು ಶುರುವಾದದ್ದು ಸಿಸ್ಟಮ್‌ಡಿ ಬರೀ ಇನಿಟ್ ಆಗಿ ಉಳಿಯದೇ ಹೋದಾಗ. ಲಾಗ್ ಬರೆಯೋದು, ಲಾಗಿನ್ ನೋಡಿಕೊಳ್ಳೋದು, ಡಿವೈಸ್ ಗುರುತಿಸೋದು ಎಲ್ಲ ಅದೇ ಪ್ರಾಜೆಕ್ಟಿಗೆ ಸೇರಿದವು. ಗ್ನೋಮ್ ಡೆಸ್ಕ್‌ಟಾಪ್ ಅದರ ಲಾಗಿನ್‌ಡಿ ಭಾಗವನ್ನ ನೆಚ್ಚಿಕೊಂಡಿತು. 2013ರ ಹೊಸ ಆವೃತ್ತಿಯಲ್ಲಿ ಲಾಗಿನ್‌ಡಿ ಕೆಲಸ ಮಾಡಬೇಕೆಂದರೆ ಪಿಐಡಿ 1 ಜಾಗದಲ್ಲಿ ಸಿಸ್ಟಮ್‌ಡಿಯೇ ಇರಬೇಕು ಅನ್ನುವಂತಾಯಿತು. ಅಂದರೆ ಡೆಸ್ಕ್‌ಟಾಪ್ ಆರಿಸಿಕೊಂಡವರಿಗೆ ಇನಿಟ್ ಕೂಡ ಗಂಟುಬಿತ್ತು. ಡೆಬಿಯನ್‌ಗೆ ಫ್ರೀಬಿಎಸ್‌ಡಿ ಕರ್ನಲ್ ಮೇಲೆ ಓಡುವ ರೂಪವೂ ಇತ್ತು; ಸಿಸ್ಟಮ್‌ಡಿ ಲಿನಕ್ಸ್ ಬಿಟ್ಟು ಬೇರೆಲ್ಲೂ ಓಡೋದಿಲ್ಲ. ಹಾಗಂತ ಅಪ್‌ಸ್ಟಾರ್ಟ್ ಕೂಡ ನಿರಾತಂಕ ಆಗಿರಲಿಲ್ಲ. ಅದಕ್ಕೆ ಕೋಡ್ ಕೊಡಬೇಕೆಂದರೆ ಕ್ಯಾನೋನಿಕಲ್ ಜೊತೆ ಕರಾರಿಗೆ ಸಹಿ ಹಾಕಬೇಕಿತ್ತು. ಒಂದು ಕಡೆ ರೆಡ್‌ಹ್ಯಾಟ್, ಇನ್ನೊಂದು ಕಡೆ ಕ್ಯಾನೋನಿಕಲ್, ನಡುವೆ ಸ್ವಯಂಸೇವಕರೇ ನಡೆಸೋ ಡೆಬಿಯನ್.

2013ರ ಅಕ್ಟೋಬರ್‌ನಲ್ಲಿ ವಿಷಯ ಡೆಬಿಯನ್‌ನ ತಾಂತ್ರಿಕ ಸಮಿತಿಗೆ ಹೋಯಿತು. ಎಂಟು ಜನ ಸದಸ್ಯರು. ರಸ್ ಆಲ್ಬೆರಿ ತಾವು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಡೀಮನ್ನನ್ನೇ ಎರಡೂ ಸಿಸ್ಟಮ್‌ಗಳಿಗೆ ಹೊಂದಿಸಿ ನೋಡಿ, ಉದ್ದನೆಯ ವಿಶ್ಲೇಷಣೆ ಬರೆದು ಸಿಸ್ಟಮ್‌ಡಿ ಪರ ನಿಂತರು. ಡಿಪಿಕೆಜಿ ಬರೆದ ಇಯಾನ್ ಜಾಕ್ಸನ್ ಅಪ್‌ಸ್ಟಾರ್ಟ್ ಪರ. ಮತ ಬಿದ್ದಾಗ ಲೆಕ್ಕ ನಾಲ್ಕಕ್ಕೆ ನಾಲ್ಕು. ಅಧ್ಯಕ್ಷ ಬಿಡೇಲ್ ಗಾರ್ಬಿ ತಮ್ಮ ನಿರ್ಣಾಯಕ ಮತ ಹಾಕಿದರು. 2014ರ ಫೆಬ್ರವರಿ 11ರಂದು ಸಿಸ್ಟಮ್‌ಡಿ ಗೆದ್ದಿತು. ಮೂರು ದಿನ ಬಿಟ್ಟು, ಫೆಬ್ರವರಿ 14ಕ್ಕೆ, ಕ್ಯಾನೋನಿಕಲ್‌ನ ಮಾರ್ಕ್ ಶಟಲ್‌ವರ್ತ್ ಸೋಲೊಪ್ಪಿಕೊಂಡು ಉಬುಂಟು ಕೂಡ ಸಿಸ್ಟಮ್‌ಡಿಗೆ ಬರುತ್ತೆ ಅಂದರು.

ಹೊರಗಿನಿಂದ ನೋಡಿದರೆ ಕಥೆ ಅಲ್ಲಿಗೆ ಮುಗೀತು. ಆದರೆ ಸಮಿತಿ ಉತ್ತರಿಸಿದ್ದು ‘ಡೀಫಾಲ್ಟ್ ಯಾವುದು’ ಅನ್ನೋ ಪ್ರಶ್ನೆಗೆ ಮಾತ್ರ. ‘ಒಂದು ಪ್ಯಾಕೇಜು ತನಗೆ ಇದೇ ಇನಿಟ್ ಬೇಕು ಅಂತ ಹಟ ಹಿಡಿಯಬಹುದಾ’ ಅನ್ನೋದು ಆ ಮತಪತ್ರದಲ್ಲಿ ಇರಲಿಲ್ಲ. ಡೀಫಾಲ್ಟ್ ಅಂದರೆ ಆರಂಭದ ಆಯ್ಕೆ. ಬೇಡ ಅಂದವರು ಬದಲಿಸಿಕೊಳ್ಳಬಹುದು. ಉಳಿದ ಪ್ಯಾಕೇಜುಗಳೆಲ್ಲ ಅದನ್ನೇ ಕೇಳತೊಡಗಿದರೆ ಬದಲಿಸೋ ದಾರಿ ತಾನಾಗೇ ಮುಚ್ಚಿಹೋಗುತ್ತೆ. ದಾರಿ ತೆರೆದಿಡಬೇಕೆಂದರೆ ಪ್ರತಿ ಪ್ಯಾಕೇಜಿಗೂ ಎರಡನೇ ಸ್ಕ್ರಿಪ್ಟು ಯಾರೋ ಬರೀಬೇಕು, ಟೆಸ್ಟ್ ಮಾಡಬೇಕು. ಸಂಬಳವಿಲ್ಲದ ಆ ಕೆಲಸ ಯಾರ ತಲೆಗೆ? ಬೂಟ್ ಸ್ಪೀಡಿನ ಮಾತಿನ ಅಡಿಯಲ್ಲಿ ಇದ್ದದ್ದು ಈ ಪ್ರಶ್ನೆ.

ಉತ್ತರ ಸಿಗದ ಆ ಪ್ರಶ್ನೆ ಅದೇ ವರ್ಷ ವಾಪಸ್ ಬಂತು. ಅಷ್ಟರಲ್ಲಿ ಗಾಳಿ ಕೆಟ್ಟಿತ್ತು. ತನ್ನ ಕೊಲೆಗೆ ಸುಪಾರಿ ಕೊಡೋಕೆ ಬಿಟ್‌ಕಾಯಿನ್ ಸಂಗ್ರಹ ಶುರುಮಾಡಿದ್ದರು ಅಂತ ಪೊಟ್ಟರಿಂಗ್ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಬರೆದರು. ನವೆಂಬರ್‌ನಲ್ಲಿ ಇಯಾನ್ ಜಾಕ್ಸನ್ ತಂದ ನಿರ್ಣಯದ ಮೇಲೆ ಡೆಬಿಯನ್ ಡೆವಲಪರ್‌ಗಳು ಮತ ಹಾಕಿದರು. ಗೆದ್ದ ಆಯ್ಕೆ ಏನು ಗೊತ್ತಾ? ‘ಇಂಥ ನಿರ್ಣಯದ ಅಗತ್ಯವಿಲ್ಲ’ ಅನ್ನೋದು!

ಆ ಒಂದೇ ತಿಂಗಳಲ್ಲಿ 1996ರಿಂದ ಇದ್ದ, ಡೆಬ್‌ಹೆಲ್ಪರ್ ಬರೆದ ಜೋಯಿ ಹೆಸ್ ಡೆಬಿಯನ್ ಬಿಟ್ಟರು. ತಾಂತ್ರಿಕ ಸಮಿತಿಯಿಂದ ಆಲ್ಬೆರಿ, ಕಾಲಿನ್ ವಾಟ್ಸನ್, ಜಾಕ್ಸನ್ ಹೊರಬಂದರು. ಡೆಬಿಯನ್‌ನಲ್ಲಿ ಸಿಸ್ಟಮ್‌ಡಿ ಪ್ಯಾಕೇಜನ್ನೇ ನೋಡಿಕೊಳ್ಳುತ್ತಿದ್ದ ಟೊಲೆಫ್ ಫೋಗ್ ಹೀನ್ ಕೂಡ ಆ ತಂಡ ಬಿಟ್ಟರು. ಗಮನಿಸಿ: ಸೋತವರಷ್ಟೇ ಹೋಗಲಿಲ್ಲ, ಗೆದ್ದವರೂ ಹೋದರು. ಒಪ್ಪದವರು ಡೆವುವಾನ್ ಅಂತ ಬೇರೆ ಮನೆ ಹೂಡಿದರು, ಅದರ 1.0 ಆವೃತ್ತಿ 2017ರಲ್ಲಿ ಬಂತು. 2019ರಲ್ಲಿ ಡೆಬಿಯನ್ ಮತ್ತೆ ಮತ ಹಾಕಿ, ಒತ್ತು ಸಿಸ್ಟಮ್‌ಡಿಗೇ, ಬೇರೆಯದನ್ನ ಹುಡುಕೋರಿಗೂ ಬೆಂಬಲ ಇದೆ ಅಂತ ಹೇಳಿತು. ಹೊರೆ ಯಾರದ್ದು ಅನ್ನೋದು ಆಗ ಸ್ವಲ್ಪ ಸ್ಪಷ್ಟವಾಯಿತು, ಐದು ವರ್ಷ ತಡವಾಗಿ.

ತಾಂತ್ರಿಕವಾಗಿ ಸಿಸ್ಟಮ್‌ಡಿ ಗೆಲ್ಲಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಸಿಗ್ರೂಪ್ ಒಂದೇ ಕಾರಣ ಸಾಕು. ಆದರೆ ನಮ್ಮ ಆಫೀಸುಗಳಲ್ಲೂ ಹೊಸ ಟೂಲ್ ತರುವಾಗ ಎರಡು ಕಾಲಂ ಹಾಕಿ ಫೀಚರ್ ಹೋಲಿಸ್ತೀವಿ, ಕೈ ಎತ್ತಿಸ್ತೀವಿ, ಮುಗೀತು ಅಂದ್ಕೋತೀವಿ. ಹಳೆಯದನ್ನ ನೆಚ್ಚಿಕೊಂಡವರ ಕೆಲಸ ನಾಳೆಯಿಂದ ಯಾರು ಮಾಡ್ತಾರೆ ಅನ್ನೋ ಕಾಲಂ ಆ ಶೀಟಿನಲ್ಲಿ ಇರೋದಿಲ್ಲ. ಮುಂದಿನ ಡಿಸೈನ್ ರಿವ್ಯೂನಲ್ಲಿ ಆ ಮೂರನೇ ಕಾಲಂ ಸೇರಿಸಿ, ಅದರಲ್ಲಿ ಒಬ್ಬರ ಹೆಸರು ಬರೀರಿ. ಹೆಸರು ಸಿಗದಿದ್ದರೆ ಇನ್ನೂ ಕೈ ಎತ್ತಿಸಬೇಡಿ.